ಚಿನ್ನಸಾಮಿಯ ಗುರುವಾರ

ನವೆಂಬರ್ ೨೧, ೨೦೦೫, ಸೋಮವಾರ

ಇವತ್ತು ನಮ್ಮ ಮನೆಗೆ ಪೊಲೀಸರು ಬಂದಿದ್ದರು. ಕೆಲಸದಿಂದ ನಿವೃತ್ತರಾದವರು, ಬಿಳಿ ಪಂಚೆ ಉಟ್ಟಿದ್ದರು. ಆದರೂ ಎದುರು ಮನೆಯವಳು ಒಣಗದ ಬಟ್ಟೆ ತೆಗೆಯುವ ನೆಪದಲ್ಲಿ ಎರಡು ಸಲ ಮಹಡಿಗೆ ಬಂದು ನೋಡಿದಳು.

ಹೆಸರು ಸುಬ್ಬಯ್ಯನ್. ಇನ್‌ಸ್ಪೆಕ್ಟರ್ ಆಗಿದ್ದವರು. ಈಗ ಕೊಯಮತ್ತೂರಿನ ಹಳೆಯ ಕೇಸುಗಳನ್ನು ಹುಡುಕಿ ಒಂದು ತಮಿಳು ಪತ್ರಿಕೆಯ ಭಾನುವಾರದ ಪುರವಣಿಗೆ ಬರೆಯುತ್ತಾರಂತೆ. ಮುಂದಿನ ಲೇಖನ ಜಾನಕಿಯಮ್ಮನ ವಜ್ರದ ಓಲೆಯ ಕಳವು. "ಅದರಲ್ಲಿ ಸಾಕ್ಷಿ ಹೇಳಿದವರ ಪೈಕಿ ಉಳಿದಿರೋದು ನೀವೊಬ್ಬರೇ ಅಮ್ಮಾ," ಎಂದರು. ಉಳಿದಿರುವುದಷ್ಟೇ ಅಲ್ಲ, ಒಂದಕ್ಷರವೂ ಮರೆತಿಲ್ಲ ಎಂದೆ.

ಎಲ್ಲ ಹೇಳಿದೆ. ಸಾವಿರದ ಒಂಬೈನೂರ ಐವತ್ತಮೂರು. ನಾನು ನಂಜನಗೂಡಿನಲ್ಲಿ ಹೈಸ್ಕೂಲು ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದು ಒಂದು ವರ್ಷ, ವಯಸ್ಸು ಹದಿನೆಂಟು. ಪಕ್ಕದ ಮನೆಯ ಜಾನಕಿಯಮ್ಮ ಶುಕ್ರವಾರ ಬೆಳಿಗ್ಗೆ ಹಾಕಿಕೊಳ್ಳೋಣವೆಂದು ಪೆಟ್ಟಿಗೆ ತೆಗೆದರೆ ಏಳು ಕಲ್ಲಿನ ಓಲೆ ಇಲ್ಲ. ಆ ವಾರದಲ್ಲಿ ಅವರ ಮನೆ ಖಾಲಿ ಇದ್ದದ್ದು ಬುಧವಾರ ಸಂಜೆ ಮಾತ್ರ, ಎಲ್ಲರೂ ಕಾರ್ತಿಕದ ದೀಪ ಹಚ್ಚಲು ದೇವಸ್ಥಾನಕ್ಕೆ ಹೋಗಿದ್ದಾಗ. ಪೊಲೀಸರು ಬೀದಿಯ ಮನೆಮನೆಗೂ ಬಂದು, ಅವರ ಹಿತ್ತಲ ಬಾಗಿಲಲ್ಲಿ ಯಾರನ್ನಾದರೂ ಕಂಡಿರಾ ಎಂದು ವಿಚಾರಿಸಿದರು. ಯಾರೂ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. ಏಕಾದಶಿ ಸಂಜೆ ಚಿನ್ನಸಾಮಿಯನ್ನು ಕಂಡೆ ಎಂದೆ.

ಅವನು ಕಿಣತ್ತುಕಡವಿನಿಂದ ಬಾಳೆಎಲೆ ತಂದು ಮಾರುತ್ತಿದ್ದವನು. ಏಕಾದಶಿ ಸಂಜೆ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದ. ಮರುದಿನ ದ್ವಾದಶಿ, ಬೆಳಗಾಗುತ್ತಲೇ ಪಾರಣೆಯ ಊಟ. ಅದಕ್ಕೆ ಎಲೆ ಬೇಕು, ಅಗಸೆಸೊಪ್ಪು ಬೇಕು. ಅವತ್ತೂ ಕೊಟ್ಟ. ಕೊಟ್ಟವನು ಬೀದಿಗೆ ಹೋಗದೆ ಜಾನಕಿಯಮ್ಮನ ಹಿತ್ತಲಿಗೆ ತಿರುಗಿ ಬಾಗಿಲು ತಳ್ಳಿದ. ಬಾವಿಕಟ್ಟೆಯ ಬಳಿ ನಿಂತು ನಾನೇ ಕಣ್ಣಾರೆ ನೋಡಿದೆ. ಕೋರ್ಟಿನಲ್ಲಿ ಅವನ ವಕೀಲ ಮೂರು ಸಲ ತಿರುಚಿ ಕೇಳಿದ. ಮೂರು ಸಲವೂ ಅದನ್ನೇ ಹೇಳಿದೆ. ಅವನಿಗೆ ಒಂದು ವರ್ಷ ಜೈಲಾಯಿತು. ಓಲೆ ಮಾತ್ರ ಸಿಗಲಿಲ್ಲ.

ನಾನು ಹೇಳುತ್ತಿರುವಾಗ ಸುಶೀಂದ್ರ ಬಾಗಿಲ ಹಿಂದೆ ನಿಂತು ಶಬ್ದವಿಲ್ಲದೆ ತುಟಿ ಆಡಿಸುತ್ತಿದ್ದ. ಪ್ರತಿ ಮದುವೆಮನೆಯಲ್ಲೂ ಕೇಳಿ ಅವನಿಗೆ ಬಾಯಿಪಾಠವಾಗಿದೆ. ಐವತ್ತು ವರ್ಷದ ಮಗನಿಗೆ ಇದು ಶೋಭೆಯಲ್ಲ.

ಸೊಸೆ ಶ್ರೀಪ್ರಿಯಾ ಕಾಫಿಗೆ ಸಕ್ಕರೆ ಸುರಿದಿದ್ದಳು. ಇನ್‌ಸ್ಪೆಕ್ಟರು ಸಭ್ಯರು, ಕುಡಿದರು.

ಈ ಡೈರಿ ಸುಶೀಂದ್ರನ ಬ್ಯಾಂಕಿನದು. ಗಂಡ ಹೆಂಡತಿ ಇಬ್ಬರಿಗೂ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಇದಕ್ಕೆ ಬೀಗದ ಅಗತ್ಯವಿಲ್ಲ.

ನವೆಂಬರ್ ೨೩, ಬುಧವಾರ

ಫೋಟೋ ತೆಗೆದರು. ಮೈಸೂರು ರೇಷ್ಮೆ ಉಟ್ಟಿದ್ದೆ. ನಗಿರಿ ಎಂದರು. ಸಾಕ್ಷಿ ಹೇಳಿದವಳು ಏಕೆ ನಗಬೇಕು?

ಸುಬ್ಬಯ್ಯನ್ ತೀರ್ಪಿನ ನಕಲನ್ನೂ ತಂದಿದ್ದರು. ಇಂಗ್ಲಿಷಿನಲ್ಲಿದ್ದುದನ್ನು ತಮಿಳಿನಲ್ಲಿ ಹೇಳುತ್ತ ಹೋದರು. ಎರಡನೆಯ ಸಾಕ್ಷಿ, ಗೌರವಸ್ಥ ಮನೆತನದ ಸೊಸೆ, ಡಿಸೆಂಬರ್ ಎರಡು, ಬುಧವಾರ ಸಂಜೆ ಆರೋಪಿಯನ್ನು ಕಂಡುದಾಗಿ ಅಳುಕಿಲ್ಲದೆ ನುಡಿದಿದ್ದಾರೆ ಎಂದಿತ್ತು. 'ಅಳುಕಿಲ್ಲದೆ' ಎಂಬುದನ್ನು ಇನ್ನೊಂದು ಸಲ ಓದಿಸಿದೆ.

ಚಿನ್ನಸಾಮಿ ಬುಧವಾರ ತಾನು ಊರಿನಲ್ಲೇ ಇರಲಿಲ್ಲ, ಹರಕೆ ತೀರಿಸಲು ಆನೈಮಲೈ ಮಾಸಾಣಿ ಅಮ್ಮನ ಗುಡಿಗೆ ಹೋಗಿದ್ದೆ ಎಂದನಂತೆ. ಅದಕ್ಕೆ ಸಾಕ್ಷಿ ಅವನ ಹೆಂಡತಿ ಮಾತ್ರ. ಹಾಗಾದರೆ ಏಕಾದಶಿ ದಿನ ನಿನ್ನನ್ನು ಕಂಡದ್ದು ಸುಳ್ಳೇ ಎಂದು ಕೇಳಿದ್ದಕ್ಕೆ, "ಅದು ಅವುಂಗ ಏಕಾದಶಿ" ಎಂದು ಉದ್ಧಟತನದಿಂದ ಉತ್ತರಿಸಿದ ಎಂದು ಜಡ್ಜಿ ಬರೆದಿದ್ದರು.

"ಇದು ಎನ್ನಾಂಗಮ್ಮಾ? ಏಕಾದಶೀಲಿ ಅವರದು ಇವರದು ಅಂತ ಉಂಟಾ?" ಎಂದು ಸುಬ್ಬಯ್ಯನ್ ಕೇಳಿದರು.

"ತಲೆಹರಟೆ. ನಮ್ಮ ವ್ರತವನ್ನು ಹಂಗಿಸಿದ," ಎಂದೆ. ನನಗೆ ಚೆನ್ನಾಗಿ ನೆನಪಿದೆ. ಹೇಳುವಾಗ ಜಡ್ಜಿಯನ್ನು ನೋಡಲಿಲ್ಲ, ನನ್ನನ್ನು ನೋಡಿದ.

ಅವನು ಸತ್ತು ಬಹಳ ಕಾಲವಾಯಿತಂತೆ. ಮಗಳು ಕನ್ನಿಯಮ್ಮಾಳ್ ಕಿಣತ್ತುಕಡವು ಬಸ್‌ಸ್ಟ್ಯಾಂಡಿನ ಹತ್ತಿರ ಹೂವಿನ ಅಂಗಡಿ ಇಟ್ಟಿದ್ದಾಳೆ. ಸುಬ್ಬಯ್ಯನ್ ಮಾತಾಡಿಸಲು ಹೋದರೆ, "ಹೂ ಬೇಕಿದ್ರೆ ನಿಲ್ಲಿ, ಇಲ್ಲಾಂದ್ರೆ ಬಸ್ಸು ಅಲ್ಲಿ ನಿಲ್ಲುತ್ತೆ," ಎಂದಳಂತೆ. ಅಪ್ಪನ ನಾಲಗೆಯೇ.

ಲೇಖನ ಡಿಸೆಂಬರ್ ಹನ್ನೊಂದಕ್ಕೆ ಬರುತ್ತದೆ. ಮೈಸೂರಿನ ನಾದಿನಿಗೆ ಕಾಗದ ಹಾಕಿದೆ.

ನವೆಂಬರ್ ೨೭, ಭಾನುವಾರ

ಬೆಳಿಗ್ಗೆ ಒಂಬತ್ತಾದರೂ ಒಲೆ ಹಚ್ಚಿಲ್ಲ. ಶ್ರೀಪ್ರಿಯಾ ಹಾಲ್‌ನಲ್ಲಿ ಕುಳಿತು ಪೇಪರು ನೋಡುತ್ತಿದ್ದಾಳೆ.

"ಅಡುಗೆ?"

"ಇವತ್ತು ಏಕಾದಶಿ ಅಲ್ವಾ ಅತ್ತೆ? ಕ್ಯಾಲೆಂಡರಲ್ಲಿ ದೊಡ್ಡ ಅಕ್ಷರದಲ್ಲಿ ಪೋಟಿದ್ದಾರೆ."

ಈ ಮನೆಗೆ ಬಂದು ಇಪ್ಪತ್ತಮೂರು ವರ್ಷವಾಗಿದೆ. ಅದೇ ಗೋಡೆಯಲ್ಲಿ ಮಠದ ಪಂಚಾಂಗ ನೇತಾಡುತ್ತದೆ. ದಿನಕ್ಕೊಂದು ಹಾಳೆ ಕೀಳುವ ಕ್ಯಾಲೆಂಡರನ್ನು ನೋಡಿ ಯಾರಾದರೂ ಉಪವಾಸ ಮಾಡುತ್ತಾರೆಯೇ? ದಶಮಿ ತಗುಲಿದ ಏಕಾದಶಿ ನಮಗೆ ನಡೆಯುವುದಿಲ್ಲ, ಮರುದಿನವೇ ಉಪವಾಸ. ಮೂರು ವರ್ಷದ ಮಗುವಿಗೂ ಗೊತ್ತು. ಚೆನ್ನಾಗಿ ಹೇಳಿದೆ.

"ಅದು ಅವರ ಏಕಾದಶಿ. ನಮ್ಮದು ನಾಳೆ," ಎಂದೆ.

ಅಂದ ಮೇಲೆ ಇನ್ನೂ ಏನೋ ಹೇಳುವುದಿತ್ತು. ಮರೆತುಹೋಯಿತು.

ಶ್ರೀಪ್ರಿಯಾ, "ಅತ್ತೆ, ಕೂತ್ಕೊಳ್ಳಿ, ಮುಖ ಒಂಥರಾ ಆಗಿದೆ," ಎಂದಳು. ಕುಳಿತೆ. ಅವಳು ಅನ್ನ, ಸಾರು ಮಾಡಿದಳು. ಸಾರಿಗೆ ಉಪ್ಪು ಸರಿಯಾಗಿತ್ತೋ ಇಲ್ಲವೋ ನೋಡಲಿಲ್ಲ.

ನವೆಂಬರ್ ೨೮, ಸೋಮವಾರ

ಉಪವಾಸ. ಬರೆಯಲು ಕೈಗೆ ಶಕ್ತಿಯಿಲ್ಲ, ಆದರೂ ಬರೆಯುತ್ತೇನೆ.

ಮಾವನವರು ಜಾತಕ ಬರೆಯುತ್ತಿದ್ದವರು, ಹಳೆಯ ಪಂಚಾಂಗ ಒಂದನ್ನೂ ಎಸೆಯಲಿಲ್ಲ. ಎಲ್ಲ ಅಟ್ಟದಲ್ಲಿವೆ. ಸುಶೀಂದ್ರ ಬ್ಯಾಂಕಿನಿಂದ ಬಂದ ಕೂಡಲೇ ಏಣಿ ಹತ್ತಿಸಿದೆ. "ಎದಕ್ಕಮ್ಮ ಇದೆಲ್ಲ? ಬೆನ್ನು ನೋವಿದೆ ನಂಗೆ," ಎಂದು ಗೊಣಗಿದ. ವಿಜಯ ಸಂವತ್ಸರದ್ದನ್ನು ತಾ ಎಂದೆ. ಅವನಿಗೆ ಓದಲು ಬಾರದಲ್ಲ, ಕಟ್ಟುಗಳನ್ನೇ ಒಂದೊಂದಾಗಿ ಕೆಳಗಿಳಿಸಿದ. ಏಳನೆಯ ಕಟ್ಟಿನಲ್ಲಿ ಸಿಕ್ಕಿತು.

ಕಾರ್ತಿಕ ಬಹುಳ. ಬುಧವಾರ ಏಕಾದಶಿ, ದಶಮೀ ವೇಧ. ಗುರುವಾರ ಉಪವಾಸ. ಪಕ್ಕದಲ್ಲಿ ಮಾವನವರ ಪೆನ್ಸಿಲ್ ಬರಹ: ಶುಕ್ರವಾರ ಪ್ರಾತಃಕಾಲ ಪಾರಣೆ.

ಗುರುವಾರ. ನಾನು ಅವನನ್ನು ಕಂಡದ್ದು ಗುರುವಾರ.

ಅಂದಿನ ಇನ್‌ಸ್ಪೆಕ್ಟರಿಗೆ ಏಕಾದಶಿ ಸಂಜೆ ಎಂದೆ. ಅವನು ಜಾನಕಿಯಮ್ಮನ ಮನೆಯ ಕ್ಯಾಲೆಂಡರ್ ನೋಡಿ ಬುಧವಾರ ಎಂದು ಬರೆದುಕೊಂಡ. ಅವರ ಮನೆ ಖಾಲಿ ಇದ್ದ ಬುಧವಾರಕ್ಕೆ ಸರಿಹೋಯಿತು. ಕೋರ್ಟಿನಲ್ಲಿ ಡಿಸೆಂಬರ್ ಎರಡು ಎಂದರು. ಆಗ ನಮ್ಮ ಮನೆಯಲ್ಲಿ ಇಂಗ್ಲಿಷ್ ತೇದಿ ಯಾರಿಗೆ ಬೇಕಿತ್ತು? ಹೌದು ಎಂದೆ.

ಗುರುವಾರ ಜಾನಕಿಯಮ್ಮ ಮನೆಯಲ್ಲೇ ಇದ್ದರು. ಅವನು ಹಿತ್ತಲ ಬಾಗಿಲು ತಳ್ಳಿ, ಎಲೆ ಬೇಕೇ ಎಂದು ಕೇಳಿರಬೇಕು.

ನವೆಂಬರ್ ೨೯, ಮಂಗಳವಾರ

ಪಾರಣೆಯಾಯಿತು. ಬಟ್ಟೆ ಸೋಪು ಮುಗಿದಿದೆ, ತರಿಸಬೇಕು.

ಡಿಸೆಂಬರ್ ೧, ಗುರುವಾರ

ತಪ್ಪು ಇನ್‌ಸ್ಪೆಕ್ಟರಿನದು. ತೇದಿ ಬರೆದವನು ಅವನು. ನಾನು ಹೇಳಿದ್ದು ಏಕಾದಶಿ, ಏಕಾದಶಿಯೇ ಸರಿ. ನಮ್ಮ ಮನೆಯ ಲೆಕ್ಕದಲ್ಲಿ ನಾನು ಒಂದು ಸುಳ್ಳನ್ನೂ ಆಡಿಲ್ಲ.

ಚಿನ್ನಸಾಮಿಯ ವಕೀಲನಾದರೂ ಯಾವ ಏಕಾದಶಿ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಚಿನ್ನಸಾಮಿ ಹೇಳಿದ. ಅವನಿಗೆ ಎರಡೂ ಏಕಾದಶಿ ಗೊತ್ತಿತ್ತು. ಯಾವ ಮನೆಗೆ ಯಾವ ಸಂಜೆ ಎಲೆ ಕೊಡಬೇಕು ಎಂದು ತಿಳಿದೇ ಅವನು ಹೊಟ್ಟೆ ಹೊರೆಯುತ್ತಿದ್ದದ್ದು. ಜಡ್ಜಿಗೆ ಅರ್ಥವಾಗದಿದ್ದರೆ ಅಡ್ಡಿಯಿಲ್ಲ. ಆ ಕೋರ್ಟಿನಲ್ಲಿ ಅದು ಅರ್ಥವಾಗಬೇಕಾದವಳು ಒಬ್ಬಳೇ ಇದ್ದಳು. ಅವನು ಅವಳನ್ನೇ ನೋಡಿ ಹೇಳಿದ.

ಇದನ್ನು ಯಾರಿಗೂ ಹೇಳಬೇಕಾಗಿಲ್ಲ. ಪಂಚಾಂಗ ಓದಬಲ್ಲವಳು ಈ ಮನೆಯಲ್ಲಿ ನಾನೊಬ್ಬಳೇ.

ಡಿಸೆಂಬರ್ ೩, ಶನಿವಾರ

ಹೇಳಿದೆ. ಬೆಳಿಗ್ಗೆ ಬೀನ್ಸ್ ನಾರು ತೆಗೆಯುತ್ತ ಕುಳಿತಿದ್ದಾಗ ಶ್ರೀಪ್ರಿಯಾಗೆ ಹೇಳಿಬಿಟ್ಟೆ. ಅವಳು ಎದುರು ಕುಳಿತಿದ್ದಳು, ಅದಕ್ಕೆ.

ಅವಳು ಬೀನ್ಸ್ ಕೆಳಗಿಟ್ಟು, "ಹಾಗಂದ್ರೆ ನಾನು ಭಾನುವಾರ ಮಾಡಿದ ತಪ್ಪೇ ಪೊಲೀಸೂ ಮಾಡಿದ್ದು," ಎಂದಳು.

"ಹೌದು."

"ನನಗೆ ಬೈಗಳು ಸಿಕ್ತು. ಆ ಮನುಷ್ಯನಿಗೆ ಜೈಲು." ಮತ್ತೆ ಬೀನ್ಸ್ ಎತ್ತಿಕೊಂಡು, "ಬೈಗಳು ಪರವಾಗಿಲ್ಲ ಬಿಡಿ," ಎಂದಳು.

ನನಗೆ ನಗು ಬಂತು. ಈ ವಾರದಲ್ಲಿ ಮೊದಲನೆಯ ಸಲ.

ಸುಶೀಂದ್ರ ಮಾತ್ರ ಕುಣಿದಾಡಿದ. "ಐವತ್ತೆರಡು ವರ್ಷ ಆಯ್ತಮ್ಮ. ಅವನೂ ಇಲ್ಲ, ಜಾನಕಿ ಪಾಟಿಯೂ ಇಲ್ಲ. ಸುಮ್ನೆ ಯಾಕೆ ಇಲ್ಲದ ವಂಬು ತಲೆ ಮೇಲೆ ಎಳ್ಕೊಳ್ತೀಯ? ತಾತನ ಹೆಸರು ಏನಾಗುತ್ತೆ? ನನ್ನ ಬ್ಯಾಂಕಲ್ಲಿ ಎಲ್ಲರೂ ಆ ಪೇಪರ್ ಓದ್ತಾರೆ."

"ಏನೆಂದು ಬಂದರೆ ನಿನಗೆ ಸಂತೋಷ? ಚಿನ್ನಸಾಮಿ ಕಳ್ಳ ಅಂತಲೇ?"

"ಅದು ಈಗಾಗಲೇ ಅಂಗೇ ಇದೆಯಲ್ಲಮ್ಮ. ಹೊಸದಾಗಿ ಏನೂ ಆಗಲ್ಲ."

ನಾನು ಬೆಳೆಸಿದ ಮಗ. ಹೀಗೆ ಮಾತಾಡುವುದನ್ನು ಎಲ್ಲಿ ಕಲಿತ ಎಂದು ಕೇಳಬೇಕೆಂದಿದ್ದೆ. ಮೊನ್ನೆ ಇದೇ ಪುಟದ ಹಿಂದೆ ನಾನೇ ಹಾಗೆ ಬರೆದಿದ್ದೇನೆ. ಕೇಳಲಿಲ್ಲ.

ಡಿಸೆಂಬರ್ ೪, ಭಾನುವಾರ

ಕಿಣತ್ತುಕಡವಿಗೆ ಹೋಗಿಬಂದೆ. ಶ್ರೀಪ್ರಿಯಾ ಜೊತೆಗೆ ಬಂದಳು. ಉಕ್ಕಡಂ ಬಸ್‌ಸ್ಟ್ಯಾಂಡಿನಲ್ಲಿ ಪೊಳ್ಳಾಚಿ ಬಸ್ಸಿಗೆ ನುಗ್ಗಿ ಸೀಟು ಹಿಡಿದಳು, ಅವಳಿಗೆ ಆ ಶಕ್ತಿ ಇದೆಯೆಂದು ತಿಳಿದಿರಲಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ತಮಿಳಿನಲ್ಲಿ, ಗೌರವವಾಗಿ, ನಾಲ್ಕು ವಾಕ್ಯ.

ಅಂಗಡಿ ಚಿಕ್ಕದು. ಹೂವು, ಬಾಳೆಎಲೆ, ತುಳಸಿ. ಐವತ್ತೆಂಟು ಅರವತ್ತರ ಹೆಂಗಸು, ಮೂಗಿನ ಎರಡೂ ಕಡೆ ಮೂಗುತಿ, ಹೂ ಕಟ್ಟುತ್ತಿದ್ದಳು.

"ಎಷ್ಟು ಮೊಳಂಗಮ್ಮಾ?"

"ಹೂವಿಗೆ ಬಂದಿಲ್ಲ. ನಾನು ಅಂಬುಜ. ಕೊಯಮತ್ತೂರು ರಾಯರ ಮನೆಯವಳು."

ಬೆರಳು ನಿಲ್ಲಲಿಲ್ಲ. "ಅಪ್ಪ ಹೇಳ್ತಿದ್ರು, ಆ ಮನೆ ಸೊಸೆ ಪೊಣ್ಣು ಕೋರ್ಟಲ್ಲಿ ಕಂಬದ ಹಾಗೆ ನಿಂತಿತ್ತು ಅಂತ. ಇನ್ನೂ ಹಾಗೇ ನಿಂತಿದೀರ. ಸ್ಟೂಲಿದೆ, ಕೂತ್ಕೊಳ್ಳಿ."

ಕುಳಿತೆ. ನಾಲ್ಕು ವಾಕ್ಯದಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ನಾನು ಕಂಡದ್ದು ಗುರುವಾರ. ಬುಧವಾರ ಅಲ್ಲ," ಎಂದೆ. ಅಷ್ಟೇ.

"ಗೊತ್ತುಂಗಮ್ಮಾ. ಬುಧವಾರ ನಾನು ಆನೈಮಲೈಯಲ್ಲಿ ಅಪ್ಪನ ಹೆಗಲ ಮೇಲಿದ್ದೆ. ಆರು ವರ್ಷದವಳ ಮಾತು ಯಾರು ಕೇಳ್ತಾರೆ? ಹದಿನೆಂಟರವರ ಮಾತು ಕೇಳಿದರು."

ಪಂಚಾಂಗ ತೆಗೆದು ತೋರಿಸಿದೆ. ಅವಳಿಗೆ ಕನ್ನಡ ಬಾರದು. ಆದರೂ ಕೈ ಒರೆಸಿಕೊಂಡು, ಪೆನ್ಸಿಲ್ ಬರಹವಿದ್ದ ಜಾಗವನ್ನು ಬಹಳ ಹೊತ್ತು ನೋಡಿದಳು.

"ಆ ಪೊಣ್ಣು ಸುಳ್ಳು ಹೇಳಲಿಲ್ಲ, ಅದಕ್ಕೆ ತೇದಿ ತಿಳೀದು ಅಂತ ಅಪ್ಪ ಸಾಯೋವರೆಗೂ ಅಂದರು. ನಾನೂ ಅಮ್ಮನೂ ಒಪ್ಪಲಿಲ್ಲ. ಬೇಕಂತಲೇ ಹೇಳಿದಾಳೆ ಅಂತ ಅಮ್ಮ ನಿಮ್ಮ ಬೀದಿ ಕಡೆಗೆ ಮಣ್ಣು ತೂರಿ ಶಾಪ ಹಾಕಿದಳು."

ಶ್ರೀಪ್ರಿಯಾ ನನ್ನ ಕೈ ಮೇಲೆ ಕೈಯಿಟ್ಟಳು. ತೆಗೆ ಎಂದು ಹೇಳಲಿಲ್ಲ.

ಇದನ್ನೆಲ್ಲ ಪೇಪರಿನಲ್ಲಿ ಹಾಕಿಸುತ್ತೇನೆ ಎಂದೆ. ಕನ್ನಿಯಮ್ಮಾಳ್ ನಕ್ಕಳು. "ಪೇಪರು ಮಾರನೇ ದಿನ ನನ್ನ ಅಂಗಡಿಗೇ ಬರುತ್ತೆ, ಪೊಟ್ಟಣ ಕಟ್ಟೋಕೆ. ಜೈಲಿಂದ ಬಂದ ಮೇಲೆ ಅಪ್ಪ ಒಂದು ಸಲ ನಿಮ್ಮ ಬೀದಿಗೆ ಎಲೆ ತಂದಿದ್ದರು, ಗೊತ್ತುಂಗಳಾ? ಒಬ್ಬರೂ ಬಾಗಿಲು ತೆಗೀಲಿಲ್ಲ. ಆ ಬಾಗಿಲುಗಳಲ್ಲಿ ಹೇಳಿ."

ಗೊತ್ತಿತ್ತು. ನಮ್ಮ ಬಾಗಿಲನ್ನೂ ತೆಗೆಯಲಿಲ್ಲ. 'ಎಲೆ' ಎಂದು ಎರಡು ಸಲ ಕೂಗಿದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತ್ತು. ಕಳ್ಳನಿಗೆ ಎಷ್ಟು ಧೈರ್ಯ ಎಂದುಕೊಂಡು ಒಗ್ಗರಣೆ ಹಾಕಿದೆ. ಅದನ್ನೂ ಅವಳಿಗೆ ಹೇಳಿದೆ. ಅವಳು ಹೂ ಕಟ್ಟುವುದನ್ನು ನಿಲ್ಲಿಸಿದ್ದು ಆಗ.

"ಪೇಪರು ಬರೋ ಭಾನುವಾರ ನಾನೂ ಬರ್ತೀನಿ. ಹೇಳ್ತೀರೋ ಇಲ್ವೋ ನೋಡ್ಬೇಕು," ಎಂದಳು.

ಬಾ ಎಂದೆ.

ಡಿಸೆಂಬರ್ ೬, ಮಂಗಳವಾರ

ಸುಬ್ಬಯ್ಯನ್ ಬಂದಿದ್ದರು. ಪಂಚಾಂಗ ನೋಡಿ, ತೀರ್ಪು ನೋಡಿ, ಮತ್ತೆ ಪಂಚಾಂಗ ನೋಡಿದರು. "ಮೂವತ್ತನಾಲ್ಕು ವರ್ಷ ಸರ್ವೀಸು. ಕಳ್ಳ ಸಿಗದ ಕೇಸು ಕಂಡಿದೀನಿ. ಸಾಕ್ಷಿಯೇ ಬಂದು ಕೇಸು ಬಿಚ್ಚಿದ್ದು ಕಾಣಲಿಲ್ಲ," ಎಂದರು.

ಅಲ್ಲೇ ಕುಳಿತು ಹೊಸದಾಗಿ ಬರೆದರು. ಬರೆದದ್ದನ್ನು ಓದಿಸಿದೆ. ಪೊಲೀಸರ ಆತುರ, ಕಾಲದ ಮೂಢತನ, ಎಳೆಯ ವಧುವಿನ ಮುಗ್ಧತೆ ಎಂದೆಲ್ಲ ಸೇರಿಸಿದ್ದರು. ಮುಗ್ಧತೆ ಹೊಡೆದುಹಾಕಿ ಎಂದೆ. ನಾನು ಯಾವತ್ತೂ ಮುಗ್ಧಳಾಗಿರಲಿಲ್ಲ. ಡಿಸೆಂಬರ್ ಎರಡು ಯಾವ ದಿನ ಎಂದು ನಾನು ಕೇಳಿದ್ದರೆ ತಿಳಿಯುತ್ತಿತ್ತು, ಕೇಳಲಿಲ್ಲ, ಹಾಗೆಂದೇ ಬರೆಯಿರಿ. ಶ್ರೀಪ್ರಿಯಾ, "ಹಾಗೆ ಬರೆದರೆ ಸರಿ ಅನ್ನಿಸುತ್ತಾ ಅತ್ತೆ?" ಎಂದಳು. ನಿನಗೇನನ್ನಿಸುತ್ತದೆ ಎಂದು ಕೇಳಿದೆ. ಸರಿ ಎಂದಳು. ಹಾಗೇ ಆಯಿತು.

ಕಾಫಿ ಚೆ‌ನ್ನಾಗಿತ್ತು.

ಡಿಸೆಂಬರ್ ೧೧, ಭಾನುವಾರ

ಪೇಪರು ಬಂತು. ಫೋಟೋದಲ್ಲಿ ನಾನು ನಕ್ಕಿಲ್ಲ, ಒಳ್ಳೆಯದಾಯಿತು. ಎಂಟು ಗಂಟೆಯೊಳಗೆ ಐದು ಫೋನು. ಆರನೆಯದು ಮೈಸೂರಿನ ನಾದಿನಿಯದು. "ಹೀಗೂ ಯಾರಾದರೂ ತಮ್ಮ ಮುಖಕ್ಕೆ ತಾವೇ ಮಸಿ ಬಳಿದುಕೊಳ್ತಾರಾ ಅತ್ತಿಗೆ?" ಎಂದಳು. ಮಸಿ ಬೇರೆಯವರ ಮುಖದ ಮೇಲಿತ್ತು, ಒರೆಸಿದೆ ಎಂದೆ. ಸುಶೀಂದ್ರ ನನ್ನ ಜೊತೆ ಮಾತಾಡದೆ ವಾಕಿಂಗ್ ಹೋದ.

ಒಂಬತ್ತೂವರೆಗೆ ಕನ್ನಿಯಮ್ಮಾಳ್ ಬಂದಳು. ಒಗೆದ ಹತ್ತಿ ಸೀರೆ, ಮುಡಿಯಲ್ಲಿ ಹೂವಿಲ್ಲ. ಬಾಗಿಲಲ್ಲೇ ನಿಂತಳು. ನಾನು ಚಪ್ಪಲಿ ಹಾಕಿಕೊಂಡೆ. ಶ್ರೀಪ್ರಿಯಾ ಕೊಡೆ ತೆಗೆದುಕೊಂಡಳು. ಕುಂಕುಮಕ್ಕೆ ಕರೆಯಲು ಹೋಗುವ ಹಾಗೆ ಮೂವರು ಹೊರಟೆವು.

ಮೊದಲು ಜಾನಕಿಯಮ್ಮನ ಮನೆ. ಈಗ ಮೊಮ್ಮಗ ಇದ್ದಾನೆ, ಹಲ್ಲಿನ ಡಾಕ್ಟರು. "ನಿಮ್ಮ ಪಾಟಿಯ ಓಲೆ ಕದ್ದವರು ಚಿನ್ನಸಾಮಿ ಅಲ್ಲ. ನಾನು ದಿನ ತಪ್ಪಾಗಿ ಹೇಳಿದೆ. ಇವರು ಅವರ ಮಗಳು," ಎಂದೆ.

"ಮತ್ತೆ ಯಾರು ಕದ್ದದ್ದು?"

"ತಿಳಿಯದು. ಅವರಲ್ಲ. ಅಷ್ಟು ತಿಳಿಯಿತು."

ಅವನು ಕನ್ನಿಯಮ್ಮಾಳ್‌ಗೆ ಕೈ ಮುಗಿದ. ಒಳಗೆ ಬನ್ನಿ ಎಂದ. ಇನ್ನೂ ಬಹಳ ಮನೆಗಳಿವೆ ಎಂದೆ.

ಎರಡನೆಯ ಮನೆ ಈಗ ಮೊಬೈಲ್ ಅಂಗಡಿ. ಸೇಠು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, "ಚಿನ್ನಸಾಮಿ ಸಾರ್ ಫೋನ್ ನಂಬರ್ ಕೊಡಿ, ನಾನೇ ಸಾರಿ ಹೇಳ್ತೀನಿ," ಎಂದ. ಶ್ರೀಪ್ರಿಯಾ ಕೊಡೆಯ ಹಿಂದೆ ನಕ್ಕಳು. ಕನ್ನಿಯಮ್ಮಾಳ್ ಕೂಡ. ನಾನು ಮೊದಲಿನಿಂದ ಹೇಳಿದೆ. ಮೂರನೆಯ ಮನೆ ಇಲ್ಲ, ಅಲ್ಲಿ ಫ್ಲ್ಯಾಟು ಎದ್ದಿದೆ, ವಾಚ್‌ಮನ್‌ಗೆ ಹೇಳಿದೆ. ನಾಲ್ಕನೆಯ ಮನೆಯಲ್ಲಿ ಮುದುಕರೊಬ್ಬರಿಗೆ ಚಿನ್ನಸಾಮಿಯ ನೆನಪಿತ್ತು. "ಎಲೆಯಲ್ಲಿ ಒಂದು ಹರಕು ಇರುತ್ತಿರಲಿಲ್ಲ," ಎಂದರು. ಅಲ್ಲಿ ಕನ್ನಿಯಮ್ಮಾಳ್ ಸೆರಗಿನಿಂದ ಮುಖ ಒರೆಸಿಕೊಂಡಳು. ನಾವು ಬೇರೆ ಕಡೆ ನೋಡಿದೆವು.

ಬಲಸಾಲು ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ನನ್ನ ಮಂಡಿ ಹಿಡಿದುಕೊಂಡಿತು. ಒಂದು ಮೆಟ್ಟಿಲ ಮೇಲೆ ಕುಳಿತೆ.

"ಸಾಕುಂಗಮ್ಮಾ. ನೋಡಾಯ್ತು. ಮನೆಗೆ ಹೋಗಿ," ಎಂದಳು ಕನ್ನಿಯಮ್ಮಾಳ್.

"ಅವತ್ತು ನಿಮ್ಮಪ್ಪ ಎಷ್ಟು ಬಾಗಿಲು ತಟ್ಟಿದರು?"

ಅವಳು ಎಡಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಎಲ್ಲಾನೂ."

ಶ್ರೀಪ್ರಿಯಾ ಕೈ ಕೊಟ್ಟಳು, ಎದ್ದೆ. "ಹಾಗಾದರೆ ನಡೆಯಮ್ಮ," ಎಂದೆ.